ಹಿನ್ನೆಲೆ ಮಸುಕು ಮಾಡುವ ವಿದ್ಯೆ

ಕೊಪ್ಪಳ ಜಿಲ್ಲೆಗೆ ದೀರ್ಘವಾದ, ಕೊರೆಯುವ ಚಳಿಗಾಲ ಬಂದಿದೆ. ಹಾಗಂತ ನಮ್ಮ ಫೋಟೊಗ್ರಾಫರುಗಳು ತೀರ್ಮಾನಿಸಿದ್ದಾರೆ. ಹವಾಮಾನ ಇಲಾಖೆಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಇಲ್ಲಿನ ಚಳಿ ಎಷ್ಟೆಂದು ಊರವರಿಗೆ ಗೊತ್ತು. ನಸುಕಿನಲ್ಲಿ ಒಂದು ಚಾದರ, ಕಿವಿಗೊಂದು ಮಫ್ಲರ್, ಜೊತೆಗೆ ಬಿಸಿ ಮಿರ್ಚಿ. ಅಷ್ಟೇ. ಹತ್ತು ಗಂಟೆಗೆ ಬಿಸಿಲು ನೆತ್ತಿಗೇರುತ್ತದೆ. ಸಂಕ್ರಾಂತಿ ದಾಟಿತೋ ಇಲ್ಲವೋ, ಫ್ಯಾನ್ ತಿರುಗುತ್ತದೆ.

ಆದರೆ ಗಂಗಾವತಿಯ ಹುಡುಗನ ಮೊಬೈಲಿನಲ್ಲಿ ನಾರ್ವೆಯವನೊಬ್ಬ ಪಾಠ ಹೇಳುತ್ತಿದ್ದಾನೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ಹಿಮದ ಬಿಳುಪಿಗೆ ಕ್ಯಾಮೆರಾ ಮೋಸಹೋಗುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ. ಹೊರಗಿನಿಂದ ಮನೆಯೊಳಗೆ ಬಂದರೆ ಲೆನ್ಸಿಗೆ ಹನಿ ಕಟ್ಟುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ.

ಹುಡುಗ ಎಲ್ಲವನ್ನೂ ಪಾಲಿಸಿದ್ದಾನೆ. ಬೆರಳ ತುದಿ ಕಾಣುವ ಉಣ್ಣೆಯ ಗ್ಲೋವ್ಸ್ ತರಿಸಿದ್ದಾನೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗ್ಲೋವ್ಸ್ ಹಾಕಿಕೊಂಡೇ ಚಹಾ ಕುಡಿಯುತ್ತಾನೆ. ಬೆವರುತ್ತಾನೆ. ಲೆನ್ಸಿನ ಮೇಲೆ ಕೂತಿರುವುದು ರೈಸ್ ಮಿಲ್ಲಿನ ಬೂದಿ. ಅದನ್ನು ಒರೆಸುವುದು ಹೇಗೆಂದು ನಾರ್ವೆಯವನು ಹೇಳಿಲ್ಲ.

ಮುಹೂರ್ತವೂ ಕೂಡಿಬಂದಿದೆ. ಧನುರ್ಮಾಸದಲ್ಲಿ ಮದುವೆ ಇಲ್ಲ. ಸ್ಟುಡಿಯೊದವರಿಗೆ ಬಿಡುವು. ಬಿಡುವಿದ್ದಲ್ಲಿ ಕಾರ್ಯಾಗಾರ. ಎರಡು ದಿನ, ಊಟ-ವಸತಿ ಸಹಿತ, ಹೊಸ ತಂತ್ರಗಳ ಕಲಿಕೆ, ಕೊನೆಗೊಂದು ಸರ್ಟಿಫಿಕೇಟು. ಏನು ಕಲಿಸುತ್ತಾರೆ ನೋಡೋಣ.

ಮೊದಲ ವಿದ್ಯೆ, ಹಿನ್ನೆಲೆ ಮಸುಕು ಮಾಡುವುದು. 85 ಎಂಎಂ ಲೆನ್ಸು, ಅಪರ್ಚರ್ 1.8. ಮುಂದೆ ನಿಂತವರ ರೆಪ್ಪೆಯ ಕೂದಲೂ ಸ್ಪಷ್ಟ. ಹಿಂದಿನದೆಲ್ಲ ಬೆಣ್ಣೆ.

ಪ್ರಯೋಗಕ್ಕೆ ಗಂಗಾವತಿಯ ಗದ್ದೆಗಿಂತ ಒಳ್ಳೆಯ ಜಾಗ ಬೇಕೆ? ಕಾಲುವೆಗೆ ನೀರು ಬಿಟ್ಟ ವರ್ಷ ಎರಡನೇ ಬೆಳೆಯ ನಾಟಿ ನಡೆದಿರುತ್ತದೆ. ಗದ್ದೆಯ ಬದುವಿನ ಮೇಲೆ ಭಾವೀ ವಧೂವರರು. ವರನಿಗೆ ಮೊಣಕಾಲು ಮುಟ್ಟುವ ಓವರ್‌ಕೋಟು. ವಧುವಿಗೆ ಕಾಶ್ಮೀರದ ಶಾಲು. ಸೂರ್ಯನಿಗೆ ನಾಚಿಕೆಯಾಗಬೇಕು, ಆಗುವುದಿಲ್ಲ.

ಫೋಟೊಗ್ರಾಫರ್ ಕೂಗುತ್ತಾನೆ: "ಅಕ್ಕಾರ, ಒಂದೀಟು ಆ ಕಡಿ ಸರೀರಿ. ಫ್ರೇಮಿನ್ಯಾಗ ಬರಾಕತ್ತೀರಿ."

ಕೆಸರಿನಲ್ಲಿ ಸಸಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಸರಿಯುತ್ತಾರೆ. ತಾವು ದುಡಿಯುವ ಗದ್ದೆಯಿಂದ ತಾವೇ ಸರಿಯುತ್ತಾರೆ. ಪೂರ್ತಿ ಸರಿಯಲಾಗದವರು ಲೆನ್ಸಿನ ಕೃಪೆಯಿಂದ ಹಸಿರು ಚುಕ್ಕಿಗಳಾಗುತ್ತಾರೆ. ಸೊಂಟ ಬಗ್ಗಿಸಿದವರು ಹಿನ್ನೆಲೆ. ಸೊಂಟ ಹಿಡಿದವನು ಮುನ್ನೆಲೆ. ಅಡಿಬರಹ: "ಮಣ್ಣಿನ ಮಕ್ಕಳು."

ಎರಡನೆಯದು, ಮಂಜಿನ ಛಾಯಾಗ್ರಹಣ. ಇದಕ್ಕೆ ಗಿಣಿಗೇರಿ ಕಡೆ ಹೋಗಬೇಕು.

ನಸುಕಿನಲ್ಲಿ ಹೊಲಗಳ ಮೇಲೆ ಬೂದುಬಣ್ಣದ ತೆಳು ಪರದೆ. ಅದರೊಳಗೆ ಜಾಲಿಮರ, ವಿದ್ಯುತ್ ಕಂಬ, ಒಂದು ಎಮ್ಮೆ. ಬೆಂಗಳೂರಿನಿಂದ ಬಂದವರು ಕಾರು ನಿಲ್ಲಿಸಿ "ವಾವ್" ಎನ್ನುತ್ತಾರೆ. ಹತ್ತಿರದ ಅಲ್ಲಾನಗರದವರನ್ನೋ ಹಿರೇಬಗನಾಳದವರನ್ನೋ ಕೇಳಿದರೆ ಅದು ಏನೆಂದು ಹೇಳುತ್ತಾರೆ. ಯಾರೂ ಕೇಳುವುದಿಲ್ಲ. ಕೇಳಿದರೆ ಚಿತ್ರ ಕೆಡುತ್ತದೆ.

ಇದರ ವಿಜ್ಞಾನ ಸರಳ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕಂಟಿದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ತಣ್ಣನೆ ಗಾಳಿ ಮೇಲೇರುವುದಿಲ್ಲ. ಚಿಮಣಿ ಬಿಟ್ಟ ಹೊಗೆ, ಧೂಳು, ಭತ್ತ ಕೊಯ್ದ ಮೇಲೆ ಗದ್ದೆಗೆ ಹಚ್ಚಿದ ಬೆಂಕಿಯ ಮಸಿ, ಎಲ್ಲ ಕೆಳಗೇ ಉಳಿಯುತ್ತವೆ. ಬಿಸಿಲೇರುವತನಕ ಜನ ಅದನ್ನೇ ಉಸಿರಾಡುತ್ತಾರೆ. ನೀವು ಅದನ್ನೇ ಫ್ರೇಮು ಹಾಕಿಸುತ್ತೀರಿ.

ಆ ಮಸಿಗೆ ಹೊಲದ ಹತ್ತಿ ಕರ್ರಗಾದರೆ ಅದು ರೈತನ ಕರ್ಮ. ಆಕಾಶ ಬೂದಿಯಾದರೆ ಅದು ನಿಮ್ಮ ಕಲೆ.

ಬೂದಿ ಹೆಚ್ಚಾಯಿತೆನಿಸಿದರೆ ಅದಕ್ಕೂ ಮದ್ದಿದೆ. ಎಡಿಟಿಂಗ್ ತಂತ್ರಾಂಶದಲ್ಲಿ ಡಿಹೇಜ್ ಎಂಬುದೊಂದಿದೆ. ಬಲಕ್ಕೆ ಎಳೆದರೆ ಹೊಗೆ ಮಾಯ, ಆಕಾಶ ನೀಲಿ. ಮಾಲಿನ್ಯ ನಿಯಂತ್ರಣಕ್ಕೆ ಇಷ್ಟು ಅಗ್ಗದ ಉಪಾಯ ಇದೆಯೆಂದು ಗೊತ್ತಿಲ್ಲದೆ ಜನ ಸುಮ್ಮನೆ ಬೀದಿಗಿಳಿದರು. 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಊರ ಪಕ್ಕ ಮತ್ತೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಗವಿಮಠದ ಸ್ವಾಮೀಜಿಯೂ ಜನರೊಂದಿಗೆ ಹೆಜ್ಜೆಹಾಕಿದರು.

ಅಂದು ಡ್ರೋನ್ ಹಾರಿತು. ಮೇಲಿನಿಂದ ನೋಡಿದರೆ ತಲೆಗಳೇ ತಲೆಗಳು. ಅದ್ಭುತ ಸಂಯೋಜನೆ. ಚಿತ್ರ ಊರೆಲ್ಲ ಓಡಾಡಿತು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾವ ಡ್ರೋನ್?

ಮೂರನೆಯದು ದೀರ್ಘ ಎಕ್ಸ್‌ಪೋಷರ್. ಲೆನ್ಸಿನ ಮುಂದೆ ಕಪ್ಪು ಗಾಜು, ಎನ್‌ಡಿ ಫಿಲ್ಟರ್. ಹತ್ತು ಸ್ಟಾಪಿನದಾದರೆ ಬೆಳಕು ಸಾವಿರ ಪಟ್ಟು ಕಡಿಮೆ. ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಮುಗಿಯುವ ಚಿತ್ರಕ್ಕೆ ಮೂವತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಆಗ ತುಂಗಭದ್ರೆಯ ನೀರು ಹಾಲಾಗುತ್ತದೆ. ಮೋಡ ಹತ್ತಿಯ ಎಳೆಯಾಗುತ್ತದೆ. ಓಡಾಡುವ ಮನುಷ್ಯರು ಅಳಿಸಿಹೋಗುತ್ತಾರೆ.

ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದವರು ಸಾವಿರಗಟ್ಟಲೆ ಅಂಜನಾದ್ರಿಗೆ ಬರುತ್ತಾರೆ. 575 ಮೆಟ್ಟಿಲು. ಏದುಸಿರು ಬಿಡುವ ಮುದುಕರು, ಹೆಗಲ ಮೇಲೆ ಮಕ್ಕಳು, ಕುಡಿಯುವ ನೀರಿಗೆ ಸಾಲು. ಕಪ್ಪು ಗಾಜು ಹಾಕಿ ಒತ್ತಿ. ಎಲ್ಲರೂ ಮಾಯ. ಉಳಿಯುವುದು ಬೆಟ್ಟ, ಮೆಟ್ಟಿಲು, ಬಿಳಿಯ ಗುಡಿ. ಪ್ರವಾಸೋದ್ಯಮದ ಕ್ಯಾಲೆಂಡರಿಗೆ ಹೇಳಿ ಮಾಡಿಸಿದ ಚಿತ್ರ. ಯಾತ್ರಿಕರಿಲ್ಲದ ಯಾತ್ರಾಸ್ಥಳ. ಶೌಚಾಲಯ ಕಟ್ಟಿಸುವ ಖರ್ಚೂ ಉಳಿಯಿತು.

ಈ ತಂತ್ರ ಹೊಸದೆಂದು ಕಾರ್ಯಾಗಾರದವರು ಹೇಳುತ್ತಾರೆ. ನಮ್ಮ ಕಚೇರಿಗಳಿಗೆ ಇದು ಹಳೆಯದು. ಕಡತವನ್ನು ಸಾಕಷ್ಟು ಹೊತ್ತು ತೆರೆದಿಡಿ. ಅರ್ಜಿ ಹಿಡಿದು ಓಡಾಡಿದವರೆಲ್ಲ ಅಳಿಸಿಹೋಗುತ್ತಾರೆ. ಕುಂತವರು ಮಾತ್ರ ಸ್ಪಷ್ಟವಾಗಿ ಉಳಿಯುತ್ತಾರೆ.

ಒಂದು ಹಳೆಯ ಮಾತು ನೆನಪಿಸುತ್ತೇನೆ. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹೊಳೆಯಾಚೆಯ ಹಂಪಿಯ ಅವಶೇಷಗಳನ್ನು ಸೆರೆಹಿಡಿದ. ಮೇಣ ಸವರಿದ ದೊಡ್ಡ ಕಾಗದವೇ ಅವನ ನೆಗೆಟಿವ್. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಎದುರಿಗೆ ಯಾರು ನಡೆದುಹೋದರೂ ಆ ಕಾಗದಕ್ಕೆ ದಕ್ಕುತ್ತಿರಲಿಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ.

ನಿಮ್ಮ ಕ್ಯಾಮೆರಾ ಸೆಕೆಂಡಿನ ಎಂಟು ಸಾವಿರನೇ ಒಂದು ಭಾಗದಲ್ಲಿ ಹಾರುವ ನೊಣದ ರೆಕ್ಕೆ ಹಿಡಿಯುತ್ತದೆ. ಅದರ ಮುಂದೆ ದುಡ್ಡು ಕೊಟ್ಟು ಕಪ್ಪು ಗಾಜು ಸಿಕ್ಕಿಸುತ್ತೀರಿ. ಜನ ಕಾಣಬಾರದಲ್ಲ!

ನಾಲ್ಕನೆಯದು ನಕ್ಷತ್ರಗಳ ಜಾಡು. ಚಳಿಗಾಲದ ಆಕಾಶ ತಿಳಿ. ಊರ ಬೆಳಕಿಲ್ಲದ ಕಡೆ ಹೋಗಬೇಕು. ಯಲಬುರ್ಗಾ, ಕುಕನೂರಿನ ಎರೆಹೊಲಗಳು ಪ್ರಶಸ್ತ. ಮುನ್ನೆಲೆಗೆ ಗಾಳಿಯಂತ್ರದ ದೈತ್ಯ ರೆಕ್ಕೆ, ಹಿನ್ನೆಲೆಗೆ ಧ್ರುವ ನಕ್ಷತ್ರದ ಸುತ್ತ ಉಂಗುರಗಳು. ಟ್ರೈಪಾಡ್ ನೆಟ್ಟು, ರಿಮೋಟ್ ಒತ್ತಿ, ಫ್ಲಾಸ್ಕಿನ ಕಾಫಿ ಹೀರುತ್ತ ಕೂತರಾಯಿತು.

ಅಷ್ಟರಲ್ಲಿ ಫ್ರೇಮಿನೊಳಗೆ ಒಂದು ಬೆಳಕು ಅಲ್ಲಾಡುತ್ತದೆ. ಕಂಬಳಿ ಹೊದ್ದ ರೈತ, ಕೈಯಲ್ಲಿ ಬ್ಯಾಟರಿ.

"ಯಜಮಾನ್ರೇ, ಟಾರ್ಚ್ ಆಫ್ ಮಾಡಿ. ಸ್ಟಾರ್ ಟ್ರೇಲ್ ಹಾಳಾಗುತ್ತೆ."

"ಹಾವು ಬಂದ್ರ ನಿಮ್ಮ ಚುಕ್ಕಿ ತೋರಸ್ತಾವೇನ್ರಿ? ತ್ರೀ ಫೇಸ್ ಈಗ ಬಂದೈತಿ. ನೀರು ಈಗ ಹಾಯಸಬೇಕು."

ತಲೆಯ ಮೇಲೆ ಗಾಳಿಯಂತ್ರ ಗಿರಗಿರ ತಿರುಗುತ್ತಿದೆ. ಕರೆಂಟು ಅಲ್ಲೇ ಹುಟ್ಟುತ್ತದೆ. ಹುಟ್ಟಿದ ಕರೆಂಟು ಹೈಟೆನ್ಷನ್ ತಂತಿ ಹತ್ತಿ ಊರು ಬಿಡುತ್ತದೆ. ಅದರ ಬುಡದಲ್ಲಿರುವ ರೈತನಿಗೆ ನಡುರಾತ್ರಿ ಪಾಳಿ. ಅವನು ಚಳಿಯಲ್ಲಿ, ಕೆಸರಲ್ಲಿ, ಹಾವಿನ ಭಯದಲ್ಲಿ ಬ್ಯಾಟರಿ ಹಿಡಿದು ನಿಂತರೆ ಅದು ಬೆಳಕಿನ ಮಾಲಿನ್ಯ.

ಎಡಿಟಿಂಗಿನಲ್ಲಿ ಅವನನ್ನು ತೆಗೆದುಹಾಕಲಾಯಿತು. ಚಿತ್ರದ ಹೆಸರು "ಶಕ್ತಿ."

ಐದನೆಯದು ಪ್ಯಾನಿಂಗ್. ಓಡುವ ವಸ್ತುವಿನ ಜೊತೆ ಕ್ಯಾಮೆರಾ ತಿರುಗಿಸಿದರೆ ವಸ್ತು ಸ್ಪಷ್ಟ, ಸುತ್ತಲಿನದೆಲ್ಲ ಗೆರೆಗೆರೆ. ಇದಕ್ಕೆ ಕುಷ್ಟಗಿ. 2025ರ ಮೇ ತಿಂಗಳಲ್ಲಿ ಗದಗ–ವಾಡಿ ಮಾರ್ಗದ ರೈಲು ಕಡೆಗೂ ಕುಷ್ಟಗಿಗೆ ಬಂತು. ತಲೆಮಾರುಗಳು ಕಾದಿದ್ದವು. ಎಂಜಿನ್ನಿಗೆ ಬಾಳೆಕಂಬ, ಹೂವು. ಪಕ್ಷಕ್ಕೊಂದು ಫ್ಲೆಕ್ಸು. ರೈಲು ತಂದವರು ಎಷ್ಟು ಮಂದಿಯೆಂದರೆ, ಅವರೆಲ್ಲ ಒಮ್ಮೆ ತಳ್ಳಿದ್ದರೆ ಎಂಜಿನ್ನೇ ಬೇಕಿರಲಿಲ್ಲ.

ಆ ಫೋಟೊಗಳಲ್ಲಿ ಹಳಿಗೆ ಹೊಲ ಕೊಟ್ಟವನನ್ನು ಹುಡುಕಿ. ಗೆರೆಗೆರೆಯಾಗಿದ್ದಾನೆ.

ಆರನೆಯದು ವನ್ಯಜೀವಿ. ಇದು ಶ್ರೀಮಂತರ ವಿಭಾಗ. ಲೆನ್ಸಿನ ಬೆಲೆಯಲ್ಲಿ ಹಳ್ಳಿಯಲ್ಲೊಂದು ಮನೆ ಏಳುತ್ತದೆ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ರಾಜ್ಯದ ಮೊದಲ ತೋಳ ಧಾಮವಿದೆ. 330 ಹೆಕ್ಟೇರಿಗೆ ಸ್ವಲ್ಪ ಹೆಚ್ಚು ಕುರುಚಲು ಕಾಡು, ಹುಲ್ಲು. 2025ರಲ್ಲಿ ಅಲ್ಲಿ ತೋಳವೊಂದು ಎಂಟು ಮರಿ ಹಾಕಿದ ಸುದ್ದಿ ಬಂತು. ನಮ್ಮ ಸೀಮೆಯ ತೋಳಗಳು ಹೆಚ್ಚಾಗಿ ಚಳಿಗಾಲದಲ್ಲೇ ಮರಿ ಹಾಕುತ್ತವೆ. ಬಾಣಂತಿಯನ್ನು ನೋಡಲು ಇಡೀ ಊರು ಬರಬಾರದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಪರಿಸರಪ್ರೇಮಿಗಳಿಗೆ ಇನ್ನೂ ಹೇಳಬೇಕು. ಇವರು ಜೀಪಿನಲ್ಲಿ ಬೆನ್ನಟ್ಟುತ್ತಾರೆ. ಓಡುವ ತೋಳವೇ ಬೇಕು, ನಿಂತ ತೋಳಕ್ಕೆ ಲೈಕು ಕಡಿಮೆ.

ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆಯವರೂ ಕಾಡು ಸುತ್ತಿದರು. ಮಂತ್ರಿಯೂ ಆಗಿದ್ದವರು. ಕಪ್ಪು-ಬಿಳುಪು ಫಿಲಂ, ಕೈಯಲ್ಲಿ ಎಣಿಸಬಹುದಾದಷ್ಟು ಫ್ರೇಮು. ಒಂದು ಕ್ಲಿಕ್ಕಿಗೆ ಮೊದಲು ಯೋಚಿಸಬೇಕಿತ್ತು. ಈಗ ಸೆಕೆಂಡಿಗೆ ಇಪ್ಪತ್ತು ಚಿತ್ರ. ಯೋಚಿಸಲು ಪುರುಸೊತ್ತೇ ಇಲ್ಲ.

ತೋಳದ ಚಿತ್ರದಲ್ಲಿ ಕುರಿಗಾರ ಇರಬಾರದು. ಇದು ನಿಯಮ. "ಆ ಕುರಿಗಳನ್ನ ಸ್ವಲ್ಪ ಆಚೆ ಹೊಡ್ಕೊಂಡು ಹೋಗಿ, ನ್ಯಾಚುರಲ್ ಆಗಿ ಬರಲ್ಲ" ಎಂದು ಜೀಪಿನಿಂದ ಆಜ್ಞೆ.

"ಕುರಿ ಇದ್ದಲ್ಲೇ ತ್ವಾಳ ಇರತೈತ್ರಿ, ಸಾಹೇಬ್ರ" ಎನ್ನುತ್ತಾನೆ ಕುರಿಗಾರ.

ಒಂದೇ ವಾಕ್ಯದಲ್ಲಿ ಇಡೀ ಜೀವಶಾಸ್ತ್ರ ಮುಗಿಯಿತು. ಈ ಬಯಲು ಉಳಿದದ್ದು ಅವನ ಕುರಿ ಮೇಯ್ದದ್ದಕ್ಕೆ. ತೋಳ ಉಳಿದದ್ದು ಅವನ ಮಂದೆಯಿಂದ ಆಗಾಗ ಒಂದು ಕುರಿ ಹೋದದ್ದಕ್ಕೆ. ತೋಳಕ್ಕೆ ಅನ್ನ ಹಾಕಿದವನು ಅವನು. ತೋಳದಿಂದ ಪ್ರಶಸ್ತಿ ಪಡೆದವನು ಇವನು. ಇನ್ನು ಸರಕಾರಿ ದಾಖಲೆಯಲ್ಲಿ ಇಂಥ ಹುಲ್ಲುಗಾವಲಿನ ಹೆಸರು ಬಂಜರು. ಇಂದು ತೋಳದ ಧಾಮ, ನಾಳೆ ಪಕ್ಕದ ಬಂಜರಿನಲ್ಲಿ ಸೋಲಾರ್ ಹಲಗೆ. ತೋಳಕ್ಕೆ ಸರ್ವೆ ನಂಬರ್ ಓದಲು ಬರುವುದಿಲ್ಲ.

ಹೊಳೆ ದಾಟಿದರೆ ದರೋಜಿ. 1994ರಲ್ಲಿ ಆದ ಕರಡಿಧಾಮ. ಅಲ್ಲಿ ಬಂಡೆಗೆ ಬೆಲ್ಲದ ಪಾಕ ಸವರುತ್ತಾರೆ. ಸಂಜೆ ಕರಡಿ ಬಂದು ನೆಕ್ಕುತ್ತದೆ. ವೀಕ್ಷಣಾ ಗೋಪುರದಿಂದ ಕ್ಯಾಮೆರಾಗಳು ಸಿಡಿಯುತ್ತವೆ. ಚಿತ್ರದ ಕೆಳಗೆ "ವನ್ಯತೆಯ ಅಪರೂಪದ ಕ್ಷಣ". ಬೆಲ್ಲದ ಬೆಲೆ ಬರೆಯುವುದಿಲ್ಲ.

ಎಲ್ಲ ಬಿಟ್ಟು ಇಟಗಿಗೆ ಹೋದರೆ? ಅಲ್ಲಿ ನಿಜಕ್ಕೂ ಚಳಿಗಾಲದ ಒಂದು ವಿದ್ಯೆ ಕಲಿಯಬಹುದು. ಈ ದಿನಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ತಗ್ಗಿನಲ್ಲೇ ಸಾಗುತ್ತಾನೆ. ಬೆಳಕು ಓರೆಯಾಗಿ ಬೀಳುತ್ತದೆ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿಯ ಕಲ್ಲಿನಲ್ಲಿ ಒಂದೊಂದು ಉಳಿಯ ಏಟೂ ಎದ್ದು ಕಾಣುತ್ತದೆ. ಗವಿಮಠದ, ಪಾಲ್ಕಿಗುಂಡುವಿನ ಅಶೋಕನ ಶಾಸನಗಳ ಸವೆದ ಅಕ್ಷರಕ್ಕೂ ಇದೇ ಬೆಳಕು ಬೇಕು. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ. ಪತ್ರಕರ್ತರೂ ಕಲಿಯಬಹುದಾದ ವಿದ್ಯೆ.

ಆದರೆ ಅದಕ್ಕೆ ಕ್ಯಾಮೆರಾ ಅಲುಗಬಾರದು. ಟ್ರೈಪಾಡ್ ಬೇಕು. ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಮೂರು ರಬ್ಬರು ಕಾಲುಗಳಿಂದ ಒಂಬತ್ತು ಶತಮಾನದ ಕಲ್ಲಿಗೆ ಅಪಾಯವಂತೆ. ಮೊಳೆಯಿಂದ ಹೆಸರು ಕೆತ್ತಿ, ಪಕ್ಕದಲ್ಲಿ ಹೃದಯ ಬರೆದು, ಬಾಣ ಚುಚ್ಚುವ ಪ್ರೇಮಿಗೆ ಅನುಮತಿ ಬೇಕಿಲ್ಲ. ಅವನು ಅರ್ಜಿ ಹಾಕುವವನಲ್ಲ.

ಕೊನೆಯದು, ಎಲ್ಲಕ್ಕಿಂತ ಹೊಸದು. ಡಬಲ್ ಎಕ್ಸ್‌ಪೋಷರ್. ಮೂಲ ವಿದ್ಯೆಯಲ್ಲಿ ಒಂದೇ ಫ್ರೇಮಿನಲ್ಲಿ ಎರಡು ಚಿತ್ರ, ಇಲ್ಲಿ ಒಂದೇ ಚಿತ್ರ ಎರಡು ಕಡೆ. ಇದನ್ನು ಕಾರ್ಯಾಗಾರದಲ್ಲಿ ಕಲಿಸುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಕಲಿಸುತ್ತಾರೆ.

ಕೂಲಿಕಾರರ ಹಾಜರಿಗೆ ಕೇಂದ್ರ ಸರಕಾರ ಒಂದು ಆ್ಯಪ್ ತಂದಿತು. 2023ರ ಜನವರಿಯಿಂದ ಅದು ಕಡ್ಡಾಯವಾಯಿತು. ದಿನಕ್ಕೆರಡು ಸಲ ಕೆಲಸದ ಜಾಗದಲ್ಲಿ ಫೋಟೊ, ಅದರ ಮೇಲೆ ಸಮಯ, ಸ್ಥಳದ ಮುದ್ರೆ. ಭ್ರಷ್ಟಾಚಾರ ಇನ್ನು ನಿರ್ನಾಮ ಎಂದರು. ಭ್ರಷ್ಟಾಚಾರ ಕ್ಯಾಮೆರಾ ಕಲಿಯಿತು.

2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ತಂತ್ರಗಳ ಪಟ್ಟಿ ಕೊಟ್ಟಿತು. ಸಂಬಂಧವೇ ಇಲ್ಲದ ಚಿತ್ರ. ಫೋಟೊದ ಫೋಟೊ. ಅವೇ ಮುಖಗಳು ಹಲವು ಹಾಜರಿ ಪಟ್ಟಿಗಳಲ್ಲಿ. ಗಂಡು-ಹೆಣ್ಣಿನ ಲೆಕ್ಕ ತಾಳೆಯಾಗದಿರುವುದು. ಯಾವ ಛಾಯಾಗ್ರಹಣ ಶಾಲೆಯ ಪಠ್ಯಕ್ರಮವೂ ಇಷ್ಟು ವಿವರವಾಗಿಲ್ಲ.

ರಾಯಚೂರು ದಾಟಿದರೆ ಸಿಗುವ ಯಾದಗಿರಿ ಜಿಲ್ಲೆಯಲ್ಲಿ ಅದೇ ವರ್ಷ ಗಂಡಸರು ಸೀರೆಯುಟ್ಟು, ಸೆರಗು ಹೊದ್ದು, ಹೆಣ್ಣು ಕೂಲಿಗಳೆಂದು ಫೋಟೊಕ್ಕೆ ನಿಂತದ್ದು ಬಯಲಾಯಿತು. ಪೋರ್ಟ್ರೇಟ್ ಕಲೆಯಲ್ಲಿ ಕರ್ನಾಟಕದ ಕೊಡುಗೆ.

ಅತ್ತ ನಿಜವಾಗಿ ಗುದ್ದಲಿ ಹಿಡಿದ ಹೆಣ್ಣುಮಗಳು ಕೆರೆಯಂಗಳದಲ್ಲಿ ನಿಂತಿರುತ್ತಾಳೆ. ನೆಟ್‌ವರ್ಕ್ ಇಲ್ಲ. ಫೋಟೊ ಹೋಗಲಿಲ್ಲ. ಕೂಲಿಯೂ ಹೋಯಿತು. ಇರುವವಳ ಫೋಟೊ ಬರುವುದಿಲ್ಲ. ಇಲ್ಲದವಳ ಫೋಟೊ ಬಹಳ ಚೆನ್ನಾಗಿ ಬರುತ್ತದೆ.

ಈಗಂತೂ ಕ್ಯಾಮೆರಾವೂ ಬೇಡ. ಮೊಬೈಲಿನಲ್ಲಿ ಒಂದು ಸಾಲು ಟೈಪಿಸಿದರೆ ಕೃತಕ ಬುದ್ಧಿಮತ್ತೆ ಕೊಪ್ಪಳದ ಮಳೆಮಲ್ಲೇಶ್ವರ ಬೆಟ್ಟದ ಮೇಲೆ ಹಿಮ ಸುರಿಸುತ್ತದೆ. ಕೋಟೆಯ ತೆನೆಗಳ ಮೇಲೆ ಹಿಮ. ಬಸ್ ಸ್ಟ್ಯಾಂಡಿನ ಹಂದಿಗಳ ಬೆನ್ನ ಮೇಲೆ ಹಿಮ. ಜನ "ನಮ್ಮೂರು ಸ್ವಿಟ್ಜರ್ಲೆಂಡ್" ಎಂದು ಹಂಚುತ್ತಾರೆ. ಹಿಮದ ಕೆಳಗೆ ಗಟಾರ ಮುಚ್ಚಿಹೋಯಿತಲ್ಲ, ನಗರಸಭೆಗೂ ಸಮಾಧಾನ.

ಇಷ್ಟೆಲ್ಲ ವಿದ್ಯೆಗಳಲ್ಲಿ ಒಂದು ಸಮಾನ ಅಂಶ ಗಮನಿಸಿ. ಒಂದು ಮಸುಕು ಮಾಡುತ್ತದೆ. ಒಂದು ಅಳಿಸುತ್ತದೆ. ಒಂದು ಗೆರೆಯಾಗಿಸುತ್ತದೆ. ಒಂದು ಕತ್ತರಿಸುತ್ತದೆ. ಒಂದು ಹಿಮ ಸುರಿದು ಮುಚ್ಚುತ್ತದೆ. ನೋಡುವ ಯಂತ್ರವನ್ನು ಇಷ್ಟು ದುಡ್ಡು ಕೊಟ್ಟು ಕೊಂಡು, ನೋಡದಿರುವುದನ್ನು ಇಷ್ಟು ಶ್ರದ್ಧೆಯಿಂದ ಕಲಿಯುವ ಜನ ಇನ್ನೆಲ್ಲಿದ್ದಾರೆ?

ಸುಮ್ಮನೆ ಬೈದರೆ ಆಗದು, ಪರಿಹಾರ ಹೇಳಿ ಎನ್ನುವಿರಿ. ಹೇಳುತ್ತೇನೆ. ಫೀಸಿಲ್ಲ, ಸರ್ಟಿಫಿಕೇಟೂ ಇಲ್ಲ.

ಗ್ಲೋವ್ಸ್ ಬಿಚ್ಚಿ. ಅಪರ್ಚರ್ 11ಕ್ಕೆ ಇಳಿಸಿ, ಹಿಂದಿನದೂ ಮುಂದಿನದೂ ಸ್ಪಷ್ಟವಾಗಲಿ. ಕಪ್ಪು ಗಾಜು ತೆಗೆಯಿರಿ. ಅಕ್ಕನನ್ನು ಸರಿಯೆನ್ನಬೇಡಿ, ನೀವೇ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯಿರಿ. ಮದುಮಕ್ಕಳ ಜೊತೆ ನಾಟಿಯವರೂ ಬರಲಿ. ತೋಳದ ಜೊತೆ ಕುರಿಗಾರ ಬರಲಿ. ಗಾಳಿಯಂತ್ರದ ಜೊತೆ ಬ್ಯಾಟರಿ ಹಿಡಿದ ರೈತ ಬರಲಿ. ಮಂಜಿನ ಜೊತೆ ಚಿಮಣಿ ಬರಲಿ. ಊರಿನ ಹೆಸರು, ತಾರೀಖು, ಸಮಯ ಬರೆದು ಹಾಕಿ. ಡಿಹೇಜ್ ಮುಟ್ಟಬೇಡಿ.

ಪ್ರಶಸ್ತಿ ಬರುವುದಿಲ್ಲ. ನೋಟಿಸ್ ಬಂದರೆ, ಫೋಕಸ್ ಸರಿಯಾಗಿದೆ ಎಂದು ತಿಳಿಯಿರಿ.